ಕಿರ್ಕೆ: ಬಾಟಲಿ ಕೊಳ್ಳುವ ಮೊದಲು ಮೈಮೇಲೆ ಒಂದು ದಿನ

ಗ್ರೀಕ್ ಪುರಾಣದ ಕಿರ್ಕೆ, ಮನೆಗೆ ಬಂದವರಿಗೆ ಜೇನು, ದ್ರಾಕ್ಷಾರಸದ ಜೊತೆ ಮದ್ದು ಹಾಕಿ ಹಂದಿಗಳನ್ನಾಗಿ ಮಾಡಿದ ಮಾಟಗಾತಿ. ಇಟಲಿಯ ಸುಗಂಧ ಕಂಪನಿ ಟಿಜಿಯಾನಾ ಟೆರೆಂಜಿ ಅವಳ ಹೆಸರಿಟ್ಟ ಪರ್ಫ್ಯೂಮನ್ನು ಗಂಡಸರೂ ಹೆಂಗಸರೂ ಹಚ್ಚಿಕೊಳ್ಳುತ್ತಾರೆ. ಇದೂ ರೂಪ ಬದಲಿಸುವಂಥದ್ದೇ. ಮೊದಲ ಕಾಲು ಗಂಟೆಯ ಹಣ್ಣಿನ ಪರಿಮಳಕ್ಕೆ ಮರುಳಾಗಿ ಕೊಂಡರೆ, ಉಳಿದ ಇಡೀ ದಿನ ನಿಮ್ಮ ಜೊತೆಗಿರುವುದು ಬೇರೆಯೇ ಪರಿಮಳ. ಹಾಗಾಗಿ 2 ಮಿಲಿಯ ಸ್ಯಾಂಪಲ್ ತರಿಸಿಕೊಂಡು ಪರೀಕ್ಷಿಸಿ. ಸ್ಪ್ರೇ ಇರುವ ಶೀಶೆಯಾದರೆ ಸುಮಾರು 20 ಸಲಕ್ಕೆ ಬರುತ್ತದೆ.

ಹಿಂದಿನ ರಾತ್ರಿಯಿಂದ ಕೈಗೆ ಕೊಬ್ಬರಿ ಎಣ್ಣೆ ಬೇಡ. ಪೀಚ್ ಹಣ್ಣಿನ ಪರಿಮಳ ಕೊಡುವ ಲ್ಯಾಕ್ಟೋನ್ ಎಂಬ ರಾಸಾಯನಿಕಗಳ ಸಮೀಪದ ಬಂಧುಗಳೇ ಕೊಬ್ಬರಿ ಎಣ್ಣೆಯ ವಾಸನೆಗೂ ಕಾರಣ. ಎರಡೂ ಕಲೆತರೆ ಯಾವುದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಬೆಳಿಗ್ಗೆ ವಾಸನೆಯಿಲ್ಲದ ಸೋಪಿನಿಂದ ತೊಳೆದು, ಒರೆಸಿ, ಪೂರ್ತಿ ಒಣಗಲು ಬಿಡಿ. ಚರ್ಮ ತೀರಾ ಒಣಗಿದ್ದರೆ ಕಡಲೆಕಾಳಿನಷ್ಟು ವ್ಯಾಸಲೀನ್ ಸವರಿ, ಪರಿಮಳ ಬೇಗ ಹಾರಿಹೋಗುವುದಿಲ್ಲ.

ಮೊಣಕೈ ಒಳಮಡಿಕೆಗಿಂತ ತುಸು ಕೆಳಗೆ, 10–15 ಸೆಂಟಿಮೀಟರ್ ದೂರದಿಂದ ಒಂದೇ ಸ್ಪ್ರೇ. ಮಣಿಕಟ್ಟು ಬೇಡ, ದಿನಕ್ಕೆ ಹತ್ತು ಸಲ ನೀರು ತಾಗುವ ಜಾಗ ಅದು. ಇದು ಎಕ್ಸ್‌ಟ್ರೇ (extrait), ಅಂದರೆ ಸುಗಂಧದ ಪ್ರಮಾಣ ಹೆಚ್ಚಿರುವ ಬಗೆ. ಎರಡನೇ ಸ್ಪ್ರೇ ಹೊಡೆದರೆ ಮೂಗಿಗೆ ಸಿಹಿಯೊಂದೇ ಉಳಿಯುತ್ತದೆ. ಉಜ್ಜಬೇಡಿ: ಉಜ್ಜಿದ ಬಿಸಿಗೆ ಹಗುರ ಪರಿಮಳಗಳು ಬೇಗ ಆವಿಯಾಗುತ್ತವೆ. ಜೊತೆಗೆ ಒಂದು ಕಾಗದದ ಪಟ್ಟಿಗೂ ಹೊಡೆದು ಇಡಿ, ನಿಮ್ಮ ಚರ್ಮ ಏನು ಬದಲಿಸಿತು ಎಂಬುದು ಹೋಲಿಸಿದಾಗ ತಿಳಿಯುತ್ತದೆ.

ಮೊದಲ ಒಂದೆರಡು ನಿಮಿಷ ಬರುವುದು ಆಲ್ಕೋಹಾಲ್, ಆಗ ಮೂಸಬೇಡಿ. ಆಮೇಲೆ ಪ್ಯಾಶನ್ ಫ್ರೂಟ್, ಪೀಚ್, ರಾಸ್‌ಬೆರಿ, ಪೇರ್, ಕ್ಯಾಸಿಸ್ (ಬ್ಲ್ಯಾಕ್‌ಕರಂಟ್ ಹಣ್ಣು) ಒಟ್ಟಿಗೇ ನುಗ್ಗುತ್ತವೆ. ಪ್ಯಾಶನ್ ಫ್ರೂಟ್, ಕ್ಯಾಸಿಸ್‌ಗಳ ಗುರುತು ಇರುವುದು ಗಂಧಕ ಬೆರೆತ ಸಂಯುಕ್ತಗಳಲ್ಲಿ. ಕೆಲವರ ಮೂಗಿಗೆ ಇವು ಬೆವರಿನ ಅಥವಾ ಬೆಕ್ಕಿನ ಮೂತ್ರದ ವಾಸನೆಯಂತೆ ತೋರುವುದುಂಟು. ತಕ್ಷಣ ತೊಳೆಯಬೇಡಿ, ಅರ್ಧ ಗಂಟೆ ತಡೆಯಿರಿ. ಸೆಕೆಯಲ್ಲಿ ಈ ಹಂತ ಜೋರಾಗಿ ಬಂದು ಬೇಗ ಮುಗಿಯುತ್ತದೆ. ಏಪ್ರಿಲ್‌ನ ಮಂಗಳೂರಿಗೂ ಡಿಸೆಂಬರ್‌ನ ಬೆಂಗಳೂರಿಗೂ ಈ ವ್ಯತ್ಯಾಸ ದೊಡ್ಡದು.

ನಡುವಿನ ಹಂತದಲ್ಲಿ ಬರುವ ಹೂವು ಲಿಲಿ ಆಫ್ ದ ವ್ಯಾಲಿ. ಈ ಹೂವಿನಿಂದ ಬಳಕೆಗೆ ಸಾಕಾಗುವಷ್ಟು ಎಣ್ಣೆ ತೆಗೆಯಲಾಗುವುದಿಲ್ಲ, ಪರ್ಫ್ಯೂಮ್‌ಗಳಲ್ಲಿರುವುದು ಪ್ರಯೋಗಾಲಯದಲ್ಲಿ ಕಟ್ಟಿದ ಪರಿಮಳ. ಇಲ್ಲಿ ಅದು ಹಣ್ಣಿನ ಸಿಹಿಯನ್ನು ತುಸು ತಿಳಿಗೊಳಿಸಿ ಸರಿದುಹೋಗುತ್ತದೆ.

ನಿಜವಾದ ಪರೀಕ್ಷೆ ಮೂರನೇ ಗಂಟೆಯ ನಂತರ. ಹೀಲಿಯೋಟ್ರೋಪ್ ಹೂವಿನ ಬಾದಾಮಿಯಂಥ ಪುಡಿಪುಡಿ ಪರಿಮಳ, ವೆನಿಲ್ಲಾ, ಚಂದನ, ಪಚೋಲಿ ಎಲೆ, ಮಸ್ಕ್ (ಕಸ್ತೂರಿಯಂಥ ಪರಿಮಳ) ಎಲ್ಲ ಬೇಗ ಆವಿಯಾಗದಂಥವು, ಚರ್ಮ ಬಿಟ್ಟು ನಿಧಾನವಾಗಿ ಏಳುತ್ತವೆ. ಚಂದನವೆಂದು ಹೆಸರಿದ್ದರೂ ಮೈಸೂರು ಗಂಧದೆಣ್ಣೆಯ ಕೆನೆಯಂಥ ಗಾಢತೆಯನ್ನು ಹುಡುಕಬೇಡಿ. ಇಲ್ಲಿ ಅದು ಸಿಹಿಗೆ ಆಧಾರ ಮಾತ್ರ. ಗಂಡಸರಿಗೆ ಇದು ಒಪ್ಪುತ್ತದೆಯೇ ಎಂಬ ಅನುಮಾನಕ್ಕೆ ಉತ್ತರವೂ ಈ ಹಂತದಲ್ಲೇ ಸಿಗುತ್ತದೆ. ಪಚೋಲಿ, ಮಸ್ಕ್ ಮೇಲೆದ್ದ ಚರ್ಮದಲ್ಲಿ ಇದು ಚೆನ್ನಾಗಿಯೇ ಒಪ್ಪುತ್ತದೆ, ವೆನಿಲ್ಲಾ ಮೇಲೆದ್ದರೆ ಮಿಠಾಯಿಯತ್ತ ವಾಲುತ್ತದೆ.

ನಡುವೆ ಪರಿಮಳವೇ ಮಾಯವಾಯಿತು ಎನ್ನಿಸಿದರೆ ಮೇಲೆ ಮೇಲೆ ಹೊಡೆದುಕೊಳ್ಳಬೇಡಿ. ಮೂಗು ಒಗ್ಗಿಹೋಗಿರುತ್ತದೆ, ಕೆಲವರಿಗಂತೂ ಕೆಲವು ಮಸ್ಕ್‌ಗಳು ಹುಟ್ಟಿನಿಂದಲೇ ತಿಳಿಯುವುದಿಲ್ಲ. ಹತ್ತು ನಿಮಿಷ ಹೊರಗೆ ಓಡಾಡಿ ಬಂದು ಮೂಸಿ, ಇಲ್ಲವೇ ಮನೆಯವರನ್ನು ಕೇಳಿ. ಮೂಗು ಮತ್ತೆ ಚುರುಕಾಗಲೆಂದು ಕಾಫಿಬೀಜ ಮೂಸುವ ಅಗತ್ಯವಿಲ್ಲ.

ಎರಡನೇ ಸಲ ಬೇರೆ ಹವೆಯಿರುವ ದಿನ ಹಚ್ಚಿ. ರೇಷ್ಮೆ ಸೀರೆ, ಬಿಳಿ ಪಂಚೆಯ ಮೇಲೆ ನೇರವಾಗಿ ಹೊಡೆಯಬೇಡಿ, ಕಲೆ ಉಳಿಯಬಹುದು. ಚರ್ಮ ಕೆಂಪಾದರೆ ಅಥವಾ ತುರಿಸಿದರೆ ಸೋಪಿನಿಂದ ತೊಳೆದು ಪರೀಕ್ಷೆ ಅಲ್ಲಿಗೇ ನಿಲ್ಲಿಸಿ.