ನೆರಳಿನ ಮೂಲೆಗೊಂದು ಎಲೆಗಳ ತೋಟ

ಕಾಂಪೌಂಡ್ ಗೋಡೆಯ ಬುಡದಲ್ಲಿಯೋ ದೊಡ್ಡ ಮರದ ಅಡಿಯಲ್ಲಿಯೋ ಬಿಸಿಲು ಬೀಳದ ಜಾಗವಿದ್ದರೆ, ಅಲ್ಲಿ ಏನೂ ಬೆಳೆಯದು ಎಂದು ಹಲವರು ಅದನ್ನು ಹಳೆಯ ಸಾಮಾನಿಗೆ ಬಿಟ್ಟುಬಿಡುತ್ತಾರೆ. ಗುಲಾಬಿ ನೆಟ್ಟು ಸೋತವರು ಹಾಗೆ ತೀರ್ಮಾನಿಸುವುದು ಸಹಜ. ಆದರೆ ದಟ್ಟ ಕಾಡಿನ ಮರಗಳ ಕೆಳಗೆ ಹುಟ್ಟಿ ಬೆಳೆಯುವ ಗಿಡಗಳಿಗೆ ಇಂಥ ಜಾಗವೇ ತವರು. ಅವುಗಳಲ್ಲಿ ಬಹುಪಾಲು ಗಿಡಗಳ ಚೆಲುವು ಇರುವುದು ಎಲೆಯಲ್ಲಿ. ಆದ್ದರಿಂದ ಇಲ್ಲಿ ತೋಟ ರೂಪಿಸುವವರು ಹೂವಿನ ಆಸೆಯನ್ನು ಬದಿಗಿಟ್ಟು, ಎಲೆಯ ಗಾತ್ರ, ಆಕಾರ, ಬಣ್ಣಗಳನ್ನೇ ಮುಂದಿಟ್ಟುಕೊಂಡು ಯೋಚಿಸಬೇಕು.

ಮೊದಲ ಕೆಲಸ ನೆರಳನ್ನು ಗಮನಿಸುವುದು. ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ಗಂಟೆಗೊಮ್ಮೆ ಆ ಜಾಗಕ್ಕೆ ಹೋಗಿ, ಬಿಸಿಲು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಸುಣ್ಣದ ಗೆರೆಯಿಂದ ಗುರುತಿಸಿ. ದಿನಕ್ಕೆ 3ರಿಂದ 6 ಗಂಟೆ ನೇರ ಬಿಸಿಲು ಬಿದ್ದರೆ ಅದನ್ನು ಅರೆನೆರಳು ಎಂದೂ ಅದಕ್ಕಿಂತ ಕಡಿಮೆಯಾದರೆ ಪೂರ್ಣ ನೆರಳು ಎಂದೂ ಎಣಿಸುತ್ತಾರೆ. ಗಂಟೆಯ ಲೆಕ್ಕಕ್ಕಿಂತ ಹೊತ್ತು ಮುಖ್ಯ. ಬೆಳಗಿನ ಎಳೆಬಿಸಿಲು ಹಿತ. ನಡುಮಧ್ಯಾಹ್ನದ ಬಿಸಿಲು ಸ್ವಲ್ಪ ಹೊತ್ತು ಬಿದ್ದರೂ ತೆಳುವಾದ ಎಲೆ ಸುಡುತ್ತದೆ. ಸೂರ್ಯನ ದಾರಿ ಋತುವಿನೊಂದಿಗೆ ಸರಿಯುವುದನ್ನು ಮರೆತು ನಾನೊಮ್ಮೆ ಗೋಡೆಯ ಪಕ್ಕ ತೆಳು ಎಲೆಯ ಕೆಲಥಿಯಾ ಗಿಡಗಳ ಸಾಲು ನೆಟ್ಟಿದ್ದೆ. ಕೆಲವು ತಿಂಗಳ ನಂತರ ಅಲ್ಲಿಗೆ ಮಧ್ಯಾಹ್ನದ ಬಿಸಿಲು ಇಣುಕತೊಡಗಿತು. ಎಲೆಗಳ ಅಂಚೆಲ್ಲ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಒಣಕಾಗದದಂತೆ ಮುರಿಯತೊಡಗಿದವು.

ನಂತರದ್ದು ಮಣ್ಣು. ಗೋಡೆಯ ನೆರಳಿನಲ್ಲಿ ತೇವ ಬೇಗ ಆರುವುದಿಲ್ಲವಾದ್ದರಿಂದ ನೀರು ಸರಾಗವಾಗಿ ಬಸಿಯುವಂತೆ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ, ಒಂದಿಷ್ಟು ಮರಳನ್ನು ಬೆರೆಸಿದರೆ ಸಾಕು. ಮರದಡಿಯ ನೆಲದ ಸಂಗತಿ ಬೇರೆ. ಮೇಲಿನ ಕೊಂಬೆಗಳು ಮಳೆಯನ್ನು ತಡೆಯುತ್ತವೆ, ಕೆಳಗಿನ ಬೇರುಗಳು ಇರುವ ನೀರನ್ನು ಹೀರುತ್ತವೆ. ಹೀಗಾಗಿ ಅಲ್ಲಿ ನೆರಳಿದ್ದರೂ ನೆಲ ಒಣಗಿರುತ್ತದೆ. ಪಾತಿ ಮಾಡುವ ಉತ್ಸಾಹದಲ್ಲಿ ಬೇರುಗಳನ್ನು ಕಡಿಯುವುದಾಗಲಿ, ಕಾಂಡದ ಸುತ್ತ ಹೊಸ ಮಣ್ಣನ್ನು ಪೇರಿಸುವುದಾಗಲಿ ಬೇಡ. ಮಣ್ಣಿನಡಿ ಹೂತ ತೊಗಟೆ ಕೊಳೆಯುತ್ತದೆ, ಬೇರಿಗೆ ಗಾಳಿ ಸಿಗದೆ ಮರವೇ ಸೊರಗುತ್ತದೆ. ಬೇರುಗಳ ನಡುವಿನ ಸಂದುಗಳಲ್ಲಿ ಪುಟ್ಟ ಸಸಿಗಳನ್ನು ಕೂರಿಸುವುದು, ಸಂದು ಸಿಗದ ಕಡೆ ಕುಂಡಗಳನ್ನು ಜೋಡಿಸುವುದು ಕ್ಷೇಮ.

ಇನ್ನು ವಿನ್ಯಾಸ. ಗಿಡಗಳನ್ನು ಕುಂಡದಿಂದ ಬಿಡಿಸುವ ಮೊದಲು ನೆಲದ ಮೇಲೆ ಇಟ್ಟು, ಸರಿಸಿ, ದೂರ ನಿಂತು ನೋಡಿ. ಈ ಹಂತದಲ್ಲಿ ಆತುರ ಸಲ್ಲದು. ಹಿಂಬದಿಯಲ್ಲಿ ಮಾನ್ಸ್ಟೆರಾ ಅಥವಾ ಕೆಸುವಿನ ಜಾತಿಯ ಎತ್ತರದ ಗಿಡ, ನಡುವೆ ಅಗ್ಲೋನಿಮಾ, ಬಿಗೋನಿಯಾ, ಜರೀಗಿಡ, ಮುಂದೆ ನೆಲಕ್ಕೆ ಹಬ್ಬುವ ಸಿಂಗೋನಿಯಂ ಅಥವಾ ಪೆಪರೋಮಿಯಾ ಎಂಬಂತೆ ಮೂರು ಹಂತವಿದ್ದರೆ ಚಿಕ್ಕ ಜಾಗಕ್ಕೂ ಆಳ ಬರುತ್ತದೆ. ಒಂದೇ ಗಾತ್ರದ ಎಲೆಗಳು ಅಕ್ಕಪಕ್ಕ ಬಂದರೆ ಎಲ್ಲವೂ ಹಸಿರು ಮುದ್ದೆಯಾಗಿ ಕಾಣುತ್ತದೆ. ಅಗಲವಾದ ಕೆಸುವಿನ ಎಲೆಯ ಬದಿಗೆ ಗರಿಗರಿಯಾದ ಜರೀಗಿಡವನ್ನಿಟ್ಟು ನೋಡಿ, ಎರಡೂ ಎದ್ದು ಕಾಣುತ್ತವೆ. ಹತ್ತು ಜಾತಿಯ ಒಂದೊಂದು ಗಿಡಕ್ಕಿಂತ ನಾಲ್ಕು ಜಾತಿಯ ಮೂರೋ ಐದೋ ಗಿಡಗಳ ಗುಂಪುಗಳೇ ಕಣ್ಣಿಗೆ ಹಿತವೆಂಬುದು ನನ್ನ ಅಭಿಪ್ರಾಯ.

ಕತ್ತಲೆಯೆನಿಸುವ ಮೂಲೆಯನ್ನು ಬಿಳಿ ಪಟ್ಟೆ ಅಥವಾ ತಿಳಿಹಸಿರು ಎಲೆಗಳು ಬೆಳಗುತ್ತವೆ. ಆದರೆ ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದ ಕಾರಣ ಇಂಥ ಗಿಡಗಳಿಗೆ ಹೆಚ್ಚು ಬೆಳಕು ಬೇಕು. ಅವನ್ನು ಗಾಢ ನೆರಳಿನ ಅಂಚಿನಲ್ಲಿಡಿ. ಸಂಜೆ ಕುಳಿತುಕೊಳ್ಳುವ ಜಾಗದ ಹತ್ತಿರ ಮರಾಂಟಾ ನೆಡುವುದನ್ನು ಮರೆಯಬೇಡಿ. ಹಗಲಲ್ಲಿ ಚಪ್ಪಟೆಯಾಗಿ ಹರಡಿದ್ದ ಅದರ ಎಲೆಗಳು ಹೊತ್ತು ಮುಳುಗುತ್ತಿದ್ದಂತೆ ಕೈಮುಗಿದ ಹಾಗೆ ಮೇಲೇಳುತ್ತವೆ, ಆಗ ಹಲವು ಬಗೆಗಳಲ್ಲಿ ಎಲೆಯ ಕೆಳಮೈಯ ನೇರಳೆ ಬಣ್ಣ ಕಣ್ಣಿಗೆ ಬೀಳುತ್ತದೆ.

ಸಸಿಯನ್ನು ಕುಂಡದಲ್ಲಿದ್ದಷ್ಟೇ ಆಳಕ್ಕೆ ನೆಟ್ಟು, ನೀರು ಹನಿಸಿ, ಮೇಲೆ ಸುಮಾರು 5 ಸೆಂಟಿಮೀಟರ್ ದಪ್ಪಕ್ಕೆ ತರಗೆಲೆ ಹೊದಿಸಿ. ಕಾಂಡಕ್ಕೆ ಮಾತ್ರ ತಾಗದಿರಲಿ. ನೆರಳಿನ ಗಿಡಗಳು ಸಾಯುವುದು ಬಾಯಾರಿಕೆಗಿಂತ ಹೆಚ್ಚಾಗಿ ಅತಿಯಾದ ನೀರಿನಿಂದ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದೆ ಅನಿಸಿದರೆ ಮಾತ್ರ ನೀರುಣಿಸಿ. ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಇಲ್ಲವಾದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ಡೈಫೆನ್‌ಬಾಕಿಯಾ, ಕೆಲಾಡಿಯಂ, ಮಾನ್ಸ್ಟೆರಾದಂಥ ಕೆಸುವಿನ ಬಳಗದ ಗಿಡಗಳು ಕೈಗೆಟಕದಂತಿರಲಿ. ಅವುಗಳ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿದ್ದು, ಹಸಿಯಾಗಿ ಅಗಿದರೆ ಬಾಯಿ ಉರಿದು ಬಾತುಕೊಳ್ಳುತ್ತದೆ.

ಜರೀಗಿಡ ಹೊಸದಾಗಿ ತಂದವರು ಒಂದು ದಿನ ಎಲೆ ಮಗುಚಿ ನೋಡಿ, ಅಡಿಯ ಕಂದು ಚುಕ್ಕೆಗಳನ್ನು ಕೀಟವೆಂದು ತಿಳಿದು ಔಷಧ ಹೊಡೆಯುವುದುಂಟು. ಚುಕ್ಕೆಗಳು ಎಲೆಯ ನಡುನರದ ಎರಡೂ ಬದಿಗೆ ಒಂದೇ ಅಂತರದಲ್ಲಿ ಸಾಲಾಗಿ ಕೂತಿದ್ದರೆ ಅವು ಬೀಜದ ಬದಲು ಗಿಡದ ಸಂತತಿ ಬೆಳೆಸುವ ಬೀಜಕಗಳ ಗುಂಪು. ಚಿಪ್ಪಿನಂಥ ಹೊದಿಕೆಯ, ರಸ ಹೀರುವ ಶಲ್ಕ ಕೀಟವಾದರೆ ಅಲ್ಲೊಂದು ಇಲ್ಲೊಂದು ಅಂಟಿಕೊಂಡಿದ್ದು, ಉಗುರಿನಿಂದ ಮೆಲ್ಲಗೆ ಕೆರೆದರೆ ಕಿತ್ತುಬರುತ್ತದೆ.