ಸಕ್ಕರೆ ತುಪ್ಪ ಇಲ್ದೆ ಖರ್ಜೂರದ ಉಂಡೆ

ಮಲ್ನಾಡಲ್ಲಿ ಮಳೆ ಹಿಡ್ಕೊಂಡ್ರೆ ಸಂಜೆ ಬಾಯಿಗೆ ಏನಾದ್ರೂ ಬೇಕೇ ಬೇಕು, ಮಕ್ಳಿಗಂತೂ ಸಿಹಿನೇ ಆಗ್ಬೇಕು. ಶಿವಮೊಗ್ಗ ಕಡೆಯವ್ರು ಗಾಂಧಿ ಬಜಾರಿಗೆ ಹೋದಾಗ ಮೆತ್ತಗಿರೋ ಖರ್ಜೂರ ನೋಡಿ ತನ್ನಿ. ಬೀಜ ತೆಗ್ದ ಖರ್ಜೂರ 200 ಗ್ರಾಂ, ಗೋಡಂಬಿ ಬಾದಾಮಿ ಸೇರಿ 100 ಗ್ರಾಂ, ಎರಡು ಏಲಕ್ಕಿ, ಸ್ವಲ್ಪ ಹುರಿದ ಎಳ್ಳು, ಇಷ್ಟೇ.

ಗೋಡಂಬಿ ಬಾದಾಮಿನ ಸಣ್ಣ ಉರಿಲಿ ಘಮ್ ಅನ್ನೋತನಕ ಹುರೀರಿ, ಇದನ್ನ ಬಿಡ್ಲೇಬೇಡಿ, ಮಳೆಗಾಲದಲ್ಲಿ ಥಂಡಿ ಹಿಡ್ದು ಮೆತ್ತಗಾಗಿರ್ತವೆ. ಪೂರ್ತಿ ಆರಿದ್ಮೇಲೆ ಏಲಕ್ಕಿ ಜೊತೆ ಮಿಕ್ಸಿಲಿ ನಿಲ್ಸಿ ನಿಲ್ಸಿ ತರಿತರಿಯಾಗಿ ಮಾಡ್ಕೊಳ್ಳಿ, ಒಂದೇ ಸಮ ಓಡ್ಸಿದ್ರೆ ಎಣ್ಣೆ ಬಿಡುತ್ತೆ. ಆಮೇಲೆ ಖರ್ಜೂರ ಹಾಕಿ ಇನ್ನೊಂದು ಸುತ್ತು. ಮುಷ್ಟಿಲಿ ಒತ್ತಿದ್ರೆ ಅಂಟ್ಕೋಬೇಕು, ಇಲ್ಲಾಂದ್ರೆ ಇನ್ನೆರಡು ಖರ್ಜೂರ ಸೇರ್ಸಿ, ನೀರು ಮಾತ್ರ ಬೇಡ, ಬೇಗ ಕೆಡುತ್ತೆ. ಉಂಡೆ ಕಟ್ಟಿ ಎಳ್ಳಲ್ಲಿ ಹೊರಳ್ಸಿ ಫ್ರಿಜ್ಜಲ್ಲಿಡಿ. ಖರ್ಜೂರದಲ್ಲೂ ಸಕ್ಕರೆ ಅಂಶ ಜಾಸ್ತಿನೇ, ಶುಗರ್ ಇರೋರು ಡಾಕ್ಟರ್ ಹತ್ರ ಕೇಳಿ ತಿನ್ನಿ.