ಒಣ ಊರಿಗೆ ಬಂದ ಸಮುದ್ರದ ಉಪ್ಪು: ದೋಣಿ ಟ್ರೈಲರ್ ಉಳಿಸಿಕೊಂಡ ನನ್ನ ಅನುಭವ

ಚಿತ್ರದುರ್ಗದಂತಹ ಒಣ ಊರಿನಲ್ಲಿ ನಿಲ್ಲಿಸಿದ ಗಾಡಿಗೆ ಸಮುದ್ರದ ತುಕ್ಕು ಏನು ಮಾಡೀತು ಎಂದು ಕೇಳುವವರು ಇಲ್ಲಿ ಬಹಳ ಮಂದಿ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ದೋಣಿ ಇಳಿಸಿ, ಮತ್ತೆ ಘಟ್ಟ ಹತ್ತಿಸಿ ತರುವ ಟ್ರೈಲರನ್ನು ಹಲವು ವರ್ಷಗಳಿಂದ ನಾನೇ ದುರಸ್ತಿ ಮಾಡಿಕೊಂಡು ಬಂದಿರುವುದರಿಂದ ಆ ಮಾತನ್ನು ಒಪ್ಪಲಾರೆ. ಗಾಳಿಯ ತೇವಾಂಶ ಶೇಕಡ 75ರ ಆಸುಪಾಸಿಗೆ ಏರಿದಾಗ ಅಡುಗೆ ಉಪ್ಪು ಪಸೆ ಹೀರಿ ಕರಗುತ್ತದೆ. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಶೇಕಡ 33ರಷ್ಟು ತೇವಾಂಶದಲ್ಲೇ ಕರಗತೊಡಗುತ್ತದೆ. ಹೀಗಾಗಿ ಅಂಟಿಕೊಂಡ ಉಪ್ಪನ್ನು ಒದ್ದೆಯಾಗಿಸಿ ತುಕ್ಕು ಹಿಡಿಸಲು ಬಯಲುಸೀಮೆಯ ರಾತ್ರಿಯ ಗಾಳಿಯೂ ಸಾಕು.

ಆದ್ದರಿಂದ ಘಟ್ಟ ಹತ್ತುವ ಮೊದಲೇ ಸಿಹಿನೀರಿನಲ್ಲಿ ತೊಳೆಯುತ್ತೇನೆ. ಮೇಲ್ಮೈಗಿಂತ ಚೌಕ ಕೊಳವೆಗಳ ಒಳಭಾಗ ಮತ್ತು ಪಟ್ಟಿ ಸ್ಪ್ರಿಂಗಿನ ಎಲೆಗಳ ನಡುವಿನ ಸಂದಿ ಮುಖ್ಯ. ಊರಿಗೆ ಬಂದ ಮೇಲೆ ಇನ್ನೊಮ್ಮೆ ತೊಳೆಯುವಾಗ, ನಮ್ಮ ಕೊಳವೆಬಾವಿಯ ನೀರು ಗಡಸಾದ್ದರಿಂದ, ಕೊನೆಯ ಸಲಕ್ಕೆ ಶೇಖರಿಸಿಟ್ಟ ಮಳೆನೀರನ್ನೇ ಬಳಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಗಾಲಿಯ ಬೇರಿಂಗಿನಲ್ಲಿ. ದೂರ ಓಡಿ ಬಿಸಿಯಾದ ಹಬ್ ಅನ್ನು (ಬೇರಿಂಗ್ ಕೂರುವ ಗಾಲಿಯ ನಡುಭಾಗ) ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹಬ್ ಕೈಗೆ ತಣ್ಣಗಾಗುವವರೆಗೆ ನಾನು ದಡದಲ್ಲೇ ಕಾಯುತ್ತೇನೆ. ನೀರಿಗೆ ಕೊಚ್ಚಿಹೋಗದ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸನ್ನು ತುಂಬುವ ಮುನ್ನ ಹಳೆಯದನ್ನು ಪೂರ್ತಿ ತೆಗೆಯುತ್ತೇನೆ, ಏಕೆಂದರೆ ಬೇರೆ ಬೇರೆ ಜಾತಿಯ ಗ್ರೀಸ್ ಬೆರೆತರೆ ತೆಳುವಾಗಿ ಸೋರಿಹೋಗಬಹುದು.

ಬದಲಿ ಬೇರಿಂಗ್ ಕೊಳ್ಳುವಾಗ ಕಣ್ಣಳತೆ ಸಾಲದು. ನನ್ನ ಟ್ರೈಲರಿನ ಅಚ್ಚು (ಆಕ್ಸಲ್) ಇಂಚಿನ ಅಳತೆಯದು, ಅದಕ್ಕೆ 25.4 ಮಿಲಿಮೀಟರ್ ರಂಧ್ರದ ಎಲ್44643 ಸಂಖ್ಯೆಯ ಕೋನ್, ಅಂದರೆ ಬೇರಿಂಗಿನ ಒಳಬಳೆ, ಬೇಕು. ನೋಡಲು ಹಾಗೆಯೇ ಇರುವ 30205 ಸಂಖ್ಯೆಯ ಬೇರಿಂಗಿನ ರಂಧ್ರ 25 ಮಿಲಿಮೀಟರ್, ಹೊರಸುತ್ತೂ ಬೇರೆ. ಅಚ್ಚನ್ನು ಉಜ್ಜಿ ಕೂರಿಸೋಣ ಎಂಬ ಸಲಹೆಯನ್ನು ಯಾರೂ ಒಪ್ಪಬಾರದು. ಹಳೆಯ ಬೇರಿಂಗಿನ ಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ಕೋನ್, ಕಪ್ (ಹೊರಬಳೆ), ಸೀಲು ಮೂರನ್ನೂ ಒಟ್ಟಿಗೆ ಬದಲಿಸುತ್ತೇನೆ.

ಚೌಕಟ್ಟಿನ ಭಾಗಗಳಿಗೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದೇ ಆಗಬೇಕು. ದಪ್ಪ ಉಕ್ಕಿನ ಮೇಲೆ ಆ ಪದರ ಸುಮಾರು 85 ಮೈಕ್ರಾನ್ ಇರುತ್ತದೆ. ಅಂಗಡಿಯಲ್ಲಿ ಫಳಫಳಿಸುವ ವಿದ್ಯುಲ್ಲೇಪಿತ ಬೋಲ್ಟುಗಳದ್ದು ಸಾಮಾನ್ಯವಾಗಿ ಹತ್ತು ಮೈಕ್ರಾನ್ ಆಸುಪಾಸು. ವೆಲ್ಡ್ ಮಾಡಬೇಕಾದ ಕಡೆ ಮೊದಲು ಸತುವನ್ನು ಉಜ್ಜಿ ತೆಗೆಯುತ್ತೇನೆ, ಅದರ ಹೊಗೆ ಜ್ವರ ತರಿಸುತ್ತದೆ. ಬೆಸುಗೆ ಆರಿದ ಮೇಲೆ ಸತು ತುಂಬಿದ ಪ್ರೈಮರ್ ಬಳಿಯುತ್ತೇನೆ.

ದೀಪಗಳ ವಿಷಯ ಚಿಕ್ಕದು: ಅರ್ಥಿಂಗಿಗೆ, ಅಂದರೆ ವಿದ್ಯುತ್ ಮರಳುವ ದಾರಿಗೆ, ಚೌಕಟ್ಟನ್ನು ನಂಬದೆ ಪ್ರತಿ ದೀಪಕ್ಕೂ ಪ್ರತ್ಯೇಕ ತಂತಿ ಎಳೆದು, ಕೂಡುಗಳನ್ನು ಬೆಸೆದು, ಬಿಸಿಗೆ ಕುಗ್ಗುವ ಅಂಟಿನ ಕೊಳವೆಯಲ್ಲಿ ಮುಚ್ಚಿದ್ದೇನೆ.